ಮಾಡನ್ನು ಹಿಡಿದ ದಾರ

2019ರ ಆಗಸ್ಟ್‌ನಲ್ಲಿ ಮಲೆನಾಡಿನ ಮೇಲೆ ಮಳೆ ಬಿಡದೆ ಸುರಿದಾಗ, ತೀರ್ಥಹಳ್ಳಿ ಸೀಮೆಯ ಮೇಷ್ಟ್ರೊಬ್ಬರ ಮನೆಯ ಪಡಸಾಲೆ ಗೋಡೆ ಹೊರಮುಖವಾಗಿ ಉಬ್ಬಿತು. ಬೀಳಲಿಲ್ಲ. ಆದರೆ ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದು ಬಿಟ್ಟಿತು. ಆ ರಾತ್ರಿಯಿಂದ ಮನೆಯವರೆಲ್ಲ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದರು.

ಮೇಷ್ಟ್ರು ಅದೇ ವರ್ಷ ನಿವೃತ್ತರಾಗಿದ್ದರು. ಕೈಗೆ ಬಂದಿದ್ದ ಹಣದಲ್ಲಿ ಹೊಸ ಮನೆ ಕಟ್ಟುವುದೆಂದು ನಿರ್ಧಾರವಾಯಿತು. ಎಂಥ ಮನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ‘ಹಂಚಿನ ಮನೆಯ ಕಾಲ ಮುಗಿಯಿತು, ತಾರಸಿ ಹಾಕಿಸಿಬಿಡಿ’ ಎಂದು ನೆಂಟರೆಲ್ಲ ಹೇಳಿದರು. ಮೇಷ್ಟ್ರೂ ಒಪ್ಪಿದ್ದರು. ಒಪ್ಪದೆ ಪ್ರಶ್ನೆ ಕೇಳಿದವಳು ಒಂಬತ್ತನೇ ತರಗತಿಯ ಮಗಳು.

‘ಅಪ್ಪಯ್ಯ, ಗೋಡೆ ಉಬ್ಬಿದ್ದು ಹಂಚಿನಿಂದಲೇ ಅಂತ ಹೇಗೆ ಗೊತ್ತು?’

ಉತ್ತರ ಸಿಕ್ಕಿದ್ದು ಊರಿನ ಹಳೆಯ ಆಚಾರ್ರಿಂದ. ಅವರು ಅಟ್ಟ ಹತ್ತಿ ಟಾರ್ಚು ಬಿಟ್ಟು ನೋಡಿದರು. ಎರಡು ಗೋಡೆಗಳ ನಡುವೆ ಹಾದುಹೋಗಬೇಕಿದ್ದ ಅಡ್ಡತೊಲೆಗಳಲ್ಲಿ ಎರಡು ಅರ್ಧಕ್ಕೇ ನಿಂತಿದ್ದವು. ತುದಿಯಲ್ಲಿ ಗರಗಸದ ಗುರುತು ಇನ್ನೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಅಡಿಕೆ ಮೂಟೆ ಪೇರಿಸಲು ಜಾಗ ಸಾಲದೆಂದು ಅವನ್ನು ಕೊಯ್ಸಿದ್ದವರು ಸ್ವತಃ ಮೇಷ್ಟ್ರು. ಆಗ ಇದೇ ಆಚಾರ್ರು ಕೊಯ್ಯಲು ಒಪ್ಪಿರಲಿಲ್ಲ. ಬೇರೆಯವರನ್ನು ಕರೆಸಿ ಕೊಯ್ಸಿದ್ದಾಗಿತ್ತು. ಆಚಾರ್ರು ಹಳೆಯದನ್ನು ಎತ್ತಲಿಲ್ಲ. ‘ಮೇಷ್ಟ್ರೇ, ಮಾಡು ಕಾಲು ಚಾಚಿದೆ’ ಎಂದಷ್ಟೇ ಹೇಳಿ ಕೆಳಗಿಳಿದರು.

ಮಾಡು ಕಾಲು ಚಾಚುವುದೆಂದರೇನು? ಮಗಳು ಅಂದು ಸಂಜೆ ಎರಡು ಸ್ಕೇಲುಗಳನ್ನು ಒಂದಕ್ಕೊಂದು ಒರಗಿಸಿ ಮೇಜಿನ ಮೇಲೆ ನಿಲ್ಲಿಸಿದಳು. ನೆತ್ತಿಯಲ್ಲಿ ಬೆರಳಿಟ್ಟು ಒತ್ತಿದರೆ ಎರಡರ ಬುಡವೂ ಹೊರಕ್ಕೆ ಜಾರಿದವು. ಹಂಚಿನ ಭಾರ ಹೊತ್ತ ಇಳಿಜಾರು ಮಾಡು ಗೋಡೆಯ ತಲೆಯನ್ನು ಹೀಗೆಯೇ ಹೊರಕ್ಕೆ ದೂಡುತ್ತದೆ. ಆಮೇಲೆ ಅವಳು ಎರಡು ಬುಡಗಳನ್ನೂ ಹೊಲಿಗೆ ದಾರದಿಂದ ಬಿಗಿದು ಕಟ್ಟಿದಳು. ಈಗ ಎಷ್ಟು ಒತ್ತಿದರೂ ಸ್ಕೇಲುಗಳು ಜಾರಲಿಲ್ಲ. ದಾರವನ್ನು ದೂಡಲು ಬರುವುದಿಲ್ಲ, ಎಳೆಯಲು ಮಾತ್ರ ಬರುತ್ತದೆ. ಹಾಗಿದ್ದರೆ ಅಡ್ಡತೊಲೆಯ ಮುಖ್ಯ ಕೆಲಸ ಮೇಲಿನ ಭಾರ ಹೊರುವುದಲ್ಲ. ಎರಡು ಬುಡಗಳನ್ನೂ ಒಳಕ್ಕೆ ಎಳೆದು ಹಿಡಿಯುವುದು.

ಎರಡು ಇಳಿಜಾರು ಮರ, ಬುಡದಲ್ಲಿ ಒಂದು ಅಡ್ಡತೊಲೆ: ಈ ತ್ರಿಭುಜವೇ ಟ್ರಸ್. ತೆಂಗಿನ ಕಡ್ಡಿ ನಾಲ್ಕನ್ನು ಚೌಕವಾಗಿ ಕಟ್ಟಿದರೆ ಅದು ಓರೆಯಾಗಿ ವಾಲುತ್ತದೆ. ಮೂರನ್ನು ಕಟ್ಟಿದರೆ ಅಲುಗದು. ಮೂರು ಬಾಹುಗಳ ಅಳತೆ ನಿಗದಿಯಾದರೆ ತ್ರಿಭುಜದ ಆಕಾರ ಒಂದೇ. ಶಾಲೆಯಲ್ಲಿ ಮಕ್ಕಳು ಬಾ.ಬಾ.ಬಾ. ಎಂದು ಬಾಯಿಪಾಠ ಮಾಡುವ ಸರ್ವಸಮತೆಯ ನಿಯಮ ಮನೆಯ ನೆತ್ತಿಯ ಮೇಲೆ ಮಾಡುವ ಕೆಲಸ ಇದು. ಅಗಲ ಹೆಚ್ಚಾದಾಗ ನೆತ್ತಿಯಿಂದ ಅಡ್ಡತೊಲೆಯ ಮಧ್ಯಕ್ಕೆ ಒಂದು ನಡುಗಂಬ ಇಳಿಸುತ್ತಾರೆ. ಅದು ತೊಲೆಯ ಮೇಲೆ ನಿಂತಿದೆ ಎಂದೇ ನೋಡಿದವರೆಲ್ಲ ಭಾವಿಸುತ್ತಾರೆ. ನಿಜದಲ್ಲಿ ಅದು ನೆತ್ತಿಯಿಂದ ನೇತಾಡುತ್ತ, ತೊಲೆ ನಡುವಿನಲ್ಲಿ ಜೋತುಬೀಳದಂತೆ ಎತ್ತಿ ಹಿಡಿದಿರುತ್ತದೆ.

ಉಪಾಯ ಹೊಸದಲ್ಲ. ಈಜಿಪ್ಟಿನ ಸಿನಾಯ್ ಬೆಟ್ಟದ ತಪ್ಪಲಿನಲ್ಲಿರುವ ಸೇಂಟ್ ಕ್ಯಾಥರಿನ್ ಮಠದ ಚರ್ಚಿನಲ್ಲಿ 6ನೇ ಶತಮಾನದ ಮರದ ಟ್ರಸ್‌ಗಳು ಇಂದಿಗೂ ಉಳಿದಿವೆ. ನಮ್ಮ ಕಡೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಹುಲ್ಲು ಸೋಗೆಗಳಿದ್ದಲ್ಲಿ ಹಂಚು ಬಂತು.

ಮೇಷ್ಟ್ರು ಕಾಗದ, ಪೆನ್ಸಿಲ್ ಹಿಡಿದು ಕೂತರು. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ತಾರಸಿಯ ತೂಕ ಚದರ ಮೀಟರಿಗೆ ಸುಮಾರು 250 ಕಿಲೋ. ರೀಪು ಸಮೇತ ಮಂಗಳೂರು ಹಂಚಿನದು ಸುಮಾರು 65 ಕಿಲೋ; ಟ್ರಸ್‌ನ ತೂಕ ಸೇರಿಸಿದರೂ ತಾರಸಿಯ ಅರ್ಧವೂ ಆಗದು. ಭಾರ ಕಡಿಮೆಯಾದರೆ ಗೋಡೆಗೂ ಅಡಿಪಾಯಕ್ಕೂ ಹೊರೆ ಕಡಿಮೆ. ಟ್ರಸ್‌ನ ಭಾರ ಎರಡು ಹೊರಗೋಡೆಗಳ ಮೇಲೆ ನೇರವಾಗಿ ಇಳಿಯುವುದರಿಂದ ಪಡಸಾಲೆಯ ನಡುವೆ ಕಂಬ ಬೇಕಿಲ್ಲ. ಮುಂದೆ ಕೋಣೆ ದೊಡ್ಡದು ಮಾಡಬೇಕೆನಿಸಿದರೆ ಭಾರ ಹೊರದ ಒಳಗೋಡೆಯನ್ನು ತೆಗೆಯಲೂಬಹುದು. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿ ನೀರು ನಿಲ್ಲದ ಮಾಡೇ ಕ್ಷೇಮ. ತಾರಸಿ ಹಾಕಿಸಿದವರೇ ಸೋರಿಕೆ ತಾಳಲಾರದೆ, ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸಿರುವುದನ್ನು ಮಲೆನಾಡಿನ ಊರೂರಲ್ಲೂ ಕಾಣಬಹುದು.

ತಾರಸಿಗೂ ಅದರ ಗುಣವಿದೆ. ಮುಂದೆ ಮಹಡಿ ಎತ್ತಬಹುದು, ಅಡಿಕೆ ಒಣಗಿಸಬಹುದು, ಮಂಗಗಳಿಂದ ಹಂಚು ಒಡೆಯುವ ಚಿಂತೆಯಿಲ್ಲ. ಮೇಷ್ಟ್ರಿಗೆ ಮಹಡಿ ಬೇಕಿರಲಿಲ್ಲ, ಅಡಿಕೆಗೆ ಅಂಗಳವಿತ್ತು. ಮಂಗಗಳ ಕಾಟ ಹೇಗೂ ಹಳೆಯದೇ. ಟ್ರಸ್ ಮಾಡೇ ಎಂದು ತೀರ್ಮಾನವಾಯಿತು.

ಹಳೆಯ ಮಾಡಿನ ಮರಗಳಲ್ಲಿ ಗಟ್ಟಿಯಾಗಿದ್ದವನ್ನು ಆಚಾರ್ರು ಬಡಿದು ನೋಡಿ ಆರಿಸಿದರು. ಟ್ರಸ್‌ನಲ್ಲಿ ಒಂದೊಂದು ಮರವೂ ತನ್ನ ಪಾಲಿನ ಎಳೆತವನ್ನೋ ಒತ್ತಡವನ್ನೋ ಮಾತ್ರ ಹೊರುವುದರಿಂದ ಭಾರಿ ದಿಮ್ಮಿ ಬೇಕಿಲ್ಲ. ಮರ ಸಿಗದವರು ಕಬ್ಬಿಣದ ಚೌಕ ಪೈಪನ್ನು ವೆಲ್ಡಿಂಗ್ ಮಾಡಿಸುತ್ತಾರೆ, ಲೆಕ್ಕ ಅದೇ. ಅಳತೆಯನ್ನು ಪೇಟೆಯ ಎಂಜಿನಿಯರರಿಗೆ ತೋರಿಸಿ ಒಪ್ಪಿಗೆ ಪಡೆದದ್ದಾಯಿತು. ನಾಲ್ಕು ಟ್ರಸ್‌ಗಳೂ ಅಂಗಳದಲ್ಲೇ ಒಂದೇ ಅಚ್ಚಿನಲ್ಲಿ ತಯಾರಾದವು. ಅಡ್ಡತೊಲೆಯ ಬುಡದ ಕೂಡುಗಳಿಗೆ ಕಬ್ಬಿಣದ ಪಟ್ಟಿ, ಬೋಲ್ಟು ಬಿದ್ದವು. ಊರಿನವರು ಕೈಜೋಡಿಸಿದ್ದರಿಂದ ಒಂದೇ ದಿನದಲ್ಲಿ ನಾಲ್ಕೂ ಗೋಡೆ ಏರಿದವು. ಗಾಳಿಗೆ ಮಾಡು ಏಳದಂತೆ ಗೋಡೆಯೊಳಗೆ ಹೂತ ಬೋಲ್ಟಿಗೆ ಅವನ್ನು ಬಿಗಿದರು. ಗೆದ್ದಲಿಗೆ ಔಷಧಿ ಬಳಿಯುವುದನ್ನೂ ಮರೆಯಲಿಲ್ಲ. ಕೊನೆಯ ಬೋಲ್ಟು ಬಿಗಿದ ಮೇಲೆ ಆಚಾರ್ರು ಮಗಳನ್ನು ಕರೆದು, ‘ನಿನ್ನ ದಾರ ಎಲ್ಲಿದೆ ತೋರಿಸು ಮಗಾ’ ಎಂದರು. ಅವಳು ಅಡ್ಡತೊಲೆಯನ್ನು ತೋರಿಸಿದಳು.

ಹೊಸ ಮನೆಯಲ್ಲಿ ಮೊದಲ ಮಳೆಗಾಲ ಕಳೆಯಿತು. ಸಂದು ಬಿಡಲಿಲ್ಲ, ಸೋರಲಿಲ್ಲ. ಮತ್ತೊಂದು ಬೇಸಿಗೆಯಲ್ಲಿ ಅಟ್ಟದ ಮೇಲೆ ನೀರಿನ ಟ್ಯಾಂಕು ಕೂರಿಸಲು ಹುಡುಗನೊಬ್ಬ ಬಂದ. ಟ್ಯಾಂಕು ಒಳಗೆ ಹಿಡಿಸಲಿಲ್ಲ.

‘ಸಾರ್, ಈ ತೊಲೆ ಒಂದು ಅಡ್ಡ ಬರ್ತಿದೆ. ಸ್ವಲ್ಪ ಕೊಯ್ದುಬಿಡ್ಲಾ? ಇದರ ಮೇಲೆ ಏನೂ ಭಾರ ಇಲ್ವಲ್ಲ.’

ಇಪ್ಪತ್ತು ವರ್ಷದ ಹಿಂದೆ ತಾವು ಆಡಿದ್ದ ಮಾತೇ ಅದು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ‘ಟ್ಯಾಂಕನ್ನು ಹೊರಗೆ ಕಟ್ಟೆ ಕಟ್ಟಿ ಇಡೋಣ. ನೀನು ಮೊದಲು ಕೆಳಗೆ ಬಾ, ಕಾಫಿ ಕುಡಿ’ ಎಂದರು. ಹುಡುಗ ಇಳಿದು ಬರುವಷ್ಟರಲ್ಲಿ ಅವರು ಮಗಳ ಮೇಜಿನಿಂದ ಎರಡು ಸ್ಕೇಲು, ಒಂದು ತುಂಡು ದಾರ ತಂದು ಜಗುಲಿಯಲ್ಲಿ ಕೂತಿದ್ದರು.