ಇಲ್ಲದ ವಿಮಾನಕ್ಕೊಂದು ಆದೇಶ

2001ರ ಜನವರಿ 31. ಮಧ್ಯಾಹ್ನ ಮೂರೂ ಮುಕ್ಕಾಲು ದಾಟಿದೆ. ಟೋಕಿಯೊದ ಹನೇಡಾದಿಂದ ಓಕಿನಾವಾದ ನಾಹಾಗೆ ಹೊರಟ ಜಪಾನ್ ಏರ್‌ಲೈನ್ಸ್ 907ರ ಕಿಟಕಿ ಪಕ್ಕ ನೀವು ಕೂತಿದ್ದೀರಿ. ಬೋಯಿಂಗ್ 747, ನಮ್ಮವರ ಬಾಯಲ್ಲಿ ಜಂಬೋ ಜೆಟ್. ಒಳಗೆ ಸಿಬ್ಬಂದಿಯೂ ಸೇರಿ 427 ಜನ. ಕೆಳಗೆ ಯಾಯ್ಜು ಊರಿನ ಆಚೆಗಿನ ಕಡಲು. ವಿಮಾನ ಇನ್ನೂ ಮೇಲೇರುತ್ತಿದೆ. ಗಗನಸಖಿಯರು ತಳ್ಳುಗಾಡಿಯಲ್ಲಿ ಬಿಸಿ ಕಾಫಿ ತರುತ್ತಿದ್ದಾರೆ. ಬೆಲ್ಟ್ ಹಾಕಿದ್ದೀರಾ? ನಿಮ್ಮ ಪಕ್ಕದವರಂತೂ ಹಾಕಿಲ್ಲ.

ಅದೇ ಹೊತ್ತಿಗೆ ಬುಸಾನ್‌ನಿಂದ ನರಿಟಾಕ್ಕೆ ಬರುತ್ತಿರುವ ಇನ್ನೊಂದು ವಿಮಾನ 37,000 ಅಡಿಯಲ್ಲಿದೆ. ಅದೇ ಕಂಪನಿಯ ಡಿಸಿ-10, ಸಂಖ್ಯೆ 958, ಒಳಗೆ 250 ಜನ. ಇಬ್ಬರ ದಾರಿಯೂ ಒಂದೇ ಬಿಂದುವಿಗೆ ಬಂದು ಕೂಡುತ್ತದೆ.

ಟೊಕೊರೊಜಾವಾದ ನಿಯಂತ್ರಣ ಕೇಂದ್ರದಲ್ಲಿ ರೇಡಾರ್ ಪರದೆಯ ಮುಂದಿರುವುದು ಕೆಲಸ ಕಲಿಯುತ್ತಿರುವ ನಿಯಂತ್ರಕ. ಪರದೆ ಎಚ್ಚರಿಕೆ ಮಿನುಗಿಸಿದಾಗ 958ನ್ನು ಕೆಳಗಿಳಿಸಬೇಕೆಂದು ಅವನಿಗೆ ಹೊಳೆಯುತ್ತದೆ. ಲೆಕ್ಕ ಸರಿಯಾಗಿದೆ. ಬಾಯಿಂದ ಬಂದದ್ದು ಮಾತ್ರ 907: 'ಇಳಿಯಿರಿ.'

ಈಗ ಕಾಕ್‌ಪಿಟ್‌ಗೆ ಬನ್ನಿ. 907ರ ಕ್ಯಾಪ್ಟನ್ ಎಂಜಿನ್ನಿನ ಬಲ ತಗ್ಗಿಸಿ ಇಳಿಯತೊಡಗಿದ್ದಾನೆ. ಆಗಲೇ ಮುಂದಿನ ಫಲಕದಿಂದ ಒಂದು ದನಿ ಏಳುತ್ತದೆ: 'ಕ್ಲೈಂಬ್, ಕ್ಲೈಂಬ್.' ಏರು, ಏರು.

ಇದು ಟಿಕ್ಯಾಸ್, ವಿಮಾನದೊಳಗೇ ಕೂತು ಡಿಕ್ಕಿ ತಪ್ಪಿಸುವ ಯಂತ್ರ. ನೆಲದ ರೇಡಾರನ್ನು ಇದು ನಂಬಿ ಕೂತಿಲ್ಲ. ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರನ್ನು, ಅಂದರೆ ಕೇಳಿದ್ದಕ್ಕೆ ಉತ್ತರ ಕೊಡುವ ರೇಡಿಯೊ ಉಪಕರಣವನ್ನು, ತಾನೇ ಕೂಗಿ ಕೇಳುತ್ತದೆ. ಉತ್ತರ ಬರಲು ಹಿಡಿದ ಹೊತ್ತಿನಿಂದ ದೂರವನ್ನು ಎಣಿಸುತ್ತದೆ, ಎತ್ತರವನ್ನು ಉತ್ತರದಿಂದಲೇ ಓದಿಕೊಳ್ಳುತ್ತದೆ. ಡಿಕ್ಕಿಗೆ ಇನ್ನೆಷ್ಟು ಸೆಕೆಂಡು ಎಂಬುದೇ ಅದರ ಚಿಂತೆ. ಮೊದಲು 'ಟ್ರಾಫಿಕ್' ಎಂದು ಎಚ್ಚರಿಸುತ್ತದೆ. ಅಪಾಯ ಇನ್ನೂ ಹತ್ತಿರ ಬಂದರೆ ಎರಡೂ ವಿಮಾನಗಳ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬನಿಗೆ ಏರು, ಇನ್ನೊಬ್ಬನಿಗೆ ಇಳಿ ಎನ್ನುತ್ತವೆ. ಈ ಒಪ್ಪಂದ ನೆಲದ ಮೇಲಿರುವ ನಿಯಂತ್ರಕನ ಕಿವಿಗೆ ಬೀಳುವುದಿಲ್ಲ.

907ಕ್ಕೆ ಏರು ಎಂದ ಗಳಿಗೆಯಲ್ಲೇ 958ಕ್ಕೆ ಇಳಿ ಎಂದಾಗಿದೆ. 958 ಇಳಿಯುತ್ತಿದೆ. 907ರ ಕ್ಯಾಪ್ಟನ್ ಏನು ಮಾಡಬೇಕು? ಎಂಜಿನ್ ಬಲ ಇಳಿಸಿ ಆಗಿದೆ. ಈಗ ಮೂತಿ ಎತ್ತಿದರೆ ವೇಗ ಸತ್ತು ವಿಮಾನ ಕುಸಿದೀತೆಂಬ ಭಯ. ಎದುರಿನ ವಿಮಾನ ಕಣ್ಣಿಗೂ ಕಾಣುತ್ತಿದೆ. ಅವನು ಮನುಷ್ಯನ ಮಾತನ್ನೇ ಹಿಡಿದು ಇಳಿಯುತ್ತಾನೆ. ಕೂತಲ್ಲೇ ಅವನನ್ನು ತಪ್ಪಿತಸ್ಥನೆನ್ನುವುದು ಸುಲಭ. ಎರಡು ದನಿಗಳಲ್ಲಿ ಯಾವುದು ಮೇಲು ಎಂದು ಅಂದಿನ ಅಂತಾರಾಷ್ಟ್ರೀಯ ನಿಯಮವೇ ಖಡಾಖಂಡಿತವಾಗಿ ಹೇಳಿರಲಿಲ್ಲ.

ಕೇಂದ್ರದಲ್ಲಿ ಕಲಿಸುತ್ತಿದ್ದ ಮೇಲ್ವಿಚಾರಕಿ ಮೈಕು ಕಸಿದುಕೊಳ್ಳುತ್ತಾಳೆ. ಆಜ್ಞೆ ಹೋದದ್ದು 957ಕ್ಕೆ. ಆ ಸಂಖ್ಯೆಯ ವಿಮಾನ ಅಂದು ಆ ಆಕಾಶದಲ್ಲೇ ಇರಲಿಲ್ಲ.

ನೀವು ಮತ್ತೆ ಸೀಟಿನಲ್ಲಿದ್ದೀರಿ. ಎದುರಿನ ವಿಮಾನ ಗಾಜಿನ ತುಂಬ ಹಿಗ್ಗುತ್ತಿರುವುದನ್ನು ಕಂಡು ಕ್ಯಾಪ್ಟನ್ ಮೂತಿಯನ್ನು ಒಮ್ಮೆಲೇ ಕೆಳಕ್ಕೆ ಒತ್ತುತ್ತಾನೆ. ಹೊಟ್ಟೆ ಗಂಟಲಿಗೆ ಬರುತ್ತದೆ. ಬೆಲ್ಟಿಲ್ಲದವರು ಚಾವಣಿಗೆ ಬಡಿಯುತ್ತಾರೆ. ತಳ್ಳುಗಾಡಿ ಮೇಲಕ್ಕೆ ಹಾರುತ್ತದೆ, ಬಿಸಿ ಕಾಫಿ ಮೈಮೇಲೆ ಚೆಲ್ಲುತ್ತದೆ. ಒಬ್ಬ ಹುಡುಗ ನಾಲ್ಕು ಸಾಲು ಸೀಟುಗಳನ್ನು ದಾಟಿ ಬೀಳುತ್ತಾನೆ. ತಲೆಯ ಮೇಲೆ ಡಿಸಿ-10 ಹಾದು ಹೋಗಿದೆ. ನಡುವೆ ಉಳಿದದ್ದು ಸುಮಾರು 135 ಮೀಟರ್, ಜಂಬೋ ಜೆಟ್ಟಿನ ಎರಡು ಉದ್ದದಷ್ಟೂ ಇಲ್ಲ.

907 ಹನೇಡಾಕ್ಕೆ ಮರಳಿತು. ಅದರಲ್ಲಿದ್ದ ನೂರರಷ್ಟು ಜನ ಗಾಯಗೊಂಡರು. 677 ಜನರಲ್ಲಿ ಯಾರೂ ಸಾಯಲಿಲ್ಲ. ಇಬ್ಬರು ನಿಯಂತ್ರಕರ ಮೇಲೆ ಮೊಕದ್ದಮೆ ನಡೆದು, 2010ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು.

ಜಪಾನಿನ ತನಿಖಾ ವರದಿ ಹೊರಬಿದ್ದದ್ದು 2002ರ ಜುಲೈ 12ರಂದು. ಅದಕ್ಕೆ ಹನ್ನೊಂದು ದಿನ ಮೊದಲು, ಜುಲೈ 1ರ ರಾತ್ರಿ, ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ರಷ್ಯಾದ ಟುಪೊಲೆವ್‌ಗೆ ಯಂತ್ರ ಏರು ಎಂದಿತು, ಜ್ಯೂರಿಕ್‌ನ ನಿಯಂತ್ರಕ ಇಳಿ ಎಂದ. ಅದು ಇಳಿಯಿತು. ಎದುರಿನ ಸರಕು ವಿಮಾನವೂ ತನ್ನ ಯಂತ್ರದ ಮಾತಿನಂತೆ ಇಳಿಯಿತು. ಎರಡೂ ಡಿಕ್ಕಿ ಹೊಡೆದವು. ಸತ್ತವರು 71 ಮಂದಿ, ಹೆಚ್ಚಿನವರು ಮಕ್ಕಳು. ಯಂತ್ರ ದಾರಿ ತೋರಿಸಿದ ಮೇಲೆ ನಿಯಂತ್ರಕ ಬೇರೆ ಹೇಳಿದರೂ ಪೈಲಟ್ ಯಂತ್ರವನ್ನೇ ಅನುಸರಿಸಬೇಕೆಂದು ಅಂತಾರಾಷ್ಟ್ರೀಯ ನಿಯಮವನ್ನು ಸ್ಪಷ್ಟಪಡಿಸಿದ್ದು 2003ರ ನವೆಂಬರಿನಲ್ಲಿ.