ಅಕ್ಕನ ಅಂಗಸಾಧನೆ

ನಮ್ಮ ಹರಿಯಬ್ಬೆಯ ಹೆಂಗಸರು ಮಾತಿಗೆ ಹಿಂಜರಿಯುವವರಲ್ಲ. ಬಾರದ ಮಳೆ, ಒಣಗಿದ ಶೇಂಗಾ, ಬತ್ತಿದ ಕೊಳವೆಬಾವಿ, ಮಗಳಿಗೆ ಕೂಡಿಬಾರದ ಸಂಬಂಧ, ಯಾವುದನ್ನೂ ಅವರು ಮುಚ್ಚಿಡುವುದಿಲ್ಲ. ಆದರೆ ಒಂದು ಕಷ್ಟವನ್ನು ಮಾತ್ರ ತಾಯಿ ಮಗಳಿಗೂ ಹೇಳಳು, ಮಗಳು ತಾಯಿಗೂ ಹೇಳಳು. ಕೆಮ್ಮಿದಾಗ, ಸೀನಿದಾಗ, ಮನಸಾರೆ ನಕ್ಕಾಗ ಮೂತ್ರ ಸೋರುವ ಕಷ್ಟವದು. ಎರಡು ಮೂರು ಹೆತ್ತವಳಿಗೆ ಇದು ಇದ್ದದ್ದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸುಮ್ಮನಾಗುತ್ತಾರೆ.

ನನ್ನ ಅಕ್ಕನೂ ಹಾಗೆಯೇ ಸುಮ್ಮನಿದ್ದಳು. ಮೂರನೆಯ ಹೆರಿಗೆಯಾದ ಮೇಲೆ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಳು. ಬಸ್ಸು ಹತ್ತಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟುತ್ತಿರಲಿಲ್ಲ. ಅವಳಿಗೆ ಬಿಂಕ ಬಂದಿದೆಯೆಂದು ನೆಂಟರು ಆಡಿಕೊಂಡರು. ಒಂದು ರಾತ್ರಿ ನಾವಿಬ್ಬರೇ ಕುಳಿತು ಶೇಂಗಾ ಸುಲಿಯುತ್ತಿದ್ದಾಗ ತಾನಾಗಿಯೇ ಬಾಯಿಬಿಟ್ಟಳು: "ಯಾರ ಮುಂದೂ ಆಡಬೇಡ ಕಣೆ. ಕೆಮ್ಮಿದರೆ ಸಾಕು, ಸೀರೆ ಒದ್ದೆಯಾಗುತ್ತೆ. ಇಂಥದ್ದಕ್ಕೆ ಗರ್ಭಕೋಶವನ್ನೇ ತೆಗೆಸಿಬಿಡ್ತಾರಂತಲ್ಲ. ಸಾಲ ಮಾಡಿಯಾದರೂ ತೆಗೆಸಿಬಿಡಲೇ?"

ಅವಳನ್ನು ಬೆಂಗಳೂರಿಗೆ ಕರೆತಂದು ವೈದ್ಯೆಯೊಬ್ಬರಿಗೆ ತೋರಿಸಿದೆ. ಅವರು ಪರೀಕ್ಷಿಸಿ, ಈ ಸೋರುವಿಕೆಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯೇ ಅಲ್ಲವೆಂದು ತಿಳಿಸಿ, ಫಿಜಿಯೋಥೆರಪಿಸ್ಟ್ ಹೆಣ್ಣುಮಗಳೊಬ್ಬಳ ಬಳಿಗೆ ಕಳುಹಿಸಿದರು. ಫಿಜಿಯೋಥೆರಪಿಯೆಂದರೆ ಮುರಿದ ಕೈಕಾಲಿಗೆ ಕೊಡುವ ಚಿಕಿತ್ಸೆ ಎಂದಷ್ಟೇ ತಿಳಿದಿದ್ದ ಅಕ್ಕನಿಗೆ ಆಶ್ಚರ್ಯವೋ ಆಶ್ಚರ್ಯ.

ಆಕೆ ವಿವರಿಸಿದ ಬಗೆ ಸೊಗಸಾಗಿತ್ತು. ಸೊಂಟದ ಎಲುಬುಗಳ ನಡುವೆ, ಮುಂದಿನಿಂದ ಹಿಂದಿನ ಬಾಲದ ಮೂಳೆಯವರೆಗೆ ಸ್ನಾಯುಗಳ ಒಂದು ಜೋಲಿಯಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಅದು ಕೆಳಗಿನಿಂದ ಹೊತ್ತಿದೆ. ಹೆರಿಗೆಯಲ್ಲಿ ಅದು ಬಹಳ ಹಿಗ್ಗುತ್ತದೆ. ಮಲಬದ್ಧತೆಯ ತಿಣುಕಾಟ, ನಿಲ್ಲದ ಕೆಮ್ಮು, ದಿನವೂ ಹೊರುವ ಭಾರ ಇವೂ ಅದನ್ನು ಸಡಿಲಿಸುತ್ತವೆ. ಸಡಿಲವಾದ ಸ್ನಾಯುವನ್ನು ಅಭ್ಯಾಸದಿಂದ ಬಲಪಡಿಸಬಹುದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿಯೇ ಇದನ್ನು ಬರೆದು ತಿಳಿಸಿದ್ದರು. ಅಲ್ಲಿಂದೀಚೆಗೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯಂತೆ, ಕೆಮ್ಮಿದಾಗ ಸೋರುವ ತೊಂದರೆಯಿದ್ದು ಈ ಸಾಧನೆ ಮಾಡಿದವರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತೆಂದರು. ಮಾಡದವರಲ್ಲಿ 6 ಮಂದಿ ಮಾತ್ರ.

ಸಾಧನೆಯಾದರೂ ಎಷ್ಟು ಸರಳ! ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ಒಳಗಿನ ಸ್ನಾಯುವನ್ನು ಬಿಗಿದು ಮೇಲಕ್ಕೆಳೆಯಬೇಕು; ಕೆಲವು ಎಣಿಕೆ ಹಿಡಿದು, ಪೂರ್ತಿಯಾಗಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು, ಪೃಷ್ಠ ಬಿಗಿಯಬಾರದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕಡೆಯಪಕ್ಷ ಮೂರು ತಿಂಗಳು. ಕೆಮ್ಮು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯಬೇಕು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಸಲ್ಲದು. ಕೆಲವರಿಗೆ ಸ್ನಾಯು ಸಡಿಲವಾಗಿರದೆ ಅತಿಯಾಗಿ ಬಿಗಿದುಕೊಂಡು ನೋವು ಕೊಡುವುದುಂಟು. ಅವರಿಗೆ ಬೇಕಾದದ್ದು ಸಡಿಲಿಸುವ ವಿದ್ಯೆ. ಆದ್ದರಿಂದಲೇ ಮೊದಲು ಬಲ್ಲವರಿಂದ ಪರೀಕ್ಷೆಯಾಗಬೇಕು.

ಅಕ್ಕ ಹದಿನೈದು ದಿನ ನನ್ನಲ್ಲಿದ್ದು ಕಲಿತು ಊರಿಗೆ ಮರಳಿದಳು. ಮೊದಲ ತಿಂಗಳು, "ಏನೂ ಗುಣ ಕಾಣೆ" ಎಂದು ಫೋನಿನಲ್ಲಿ ಗೊಣಗಿದಳು. ಎರಡನೆಯ ತಿಂಗಳು ಗೊಣಗಾಟ ಕಡಿಮೆಯಾಯಿತು. ನಾಲ್ಕನೆಯ ತಿಂಗಳು ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವಕ್ಕೆ ಬಸ್ಸಿನಲ್ಲಿ ಹೋಗಿಬಂದಳು. ಜೋರು ನೆಗಡಿಯಾದಾಗ ಇಂದಿಗೂ ಒಮ್ಮೊಮ್ಮೆ ತೊಂದರೆಯಾಗುವುದುಂಟು. ಆದರೆ ಗರ್ಭಕೋಶದ ಮಾತನ್ನೂ ಸಾಲದ ಮಾತನ್ನೂ ಅವಳು ಮತ್ತೆ ಎತ್ತಲಿಲ್ಲ.

ನಮ್ಮ ನೆರೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹೆರಿಗೆಯ ಹೊತ್ತಿಗೆ ಆಸರೆಯಾಗುವ ಇಂಥ ಕೈಗಳನ್ನು ಕಂಡ ಸೀಮೆ ನಮ್ಮದು. ಬಾಣಂತಿಗೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಬಟ್ಟೆ ಎಲ್ಲವನ್ನೂ ನಾವು ಮರೆಯದೆ ಮಾಡುತ್ತೇವೆ. ಆ ಜೋಲಿಯ ಆರೈಕೆಯೊಂದನ್ನು ಅದಕ್ಕೆ ಸೇರಿಸಿದರೆ ಬಾಣಂತನ ಸಂಪೂರ್ಣವಾದೀತು.

ಮೂತ್ರದಲ್ಲಿ ರಕ್ತ ಕಂಡರೆ, ಏನೋ ಕೆಳಗೆ ಜಾರಿದಂತಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದಂತೆ, ಸೋದರಿಯರೆ, ಈ ಕಷ್ಟ ನಿಮ್ಮ ಹಣೆಬರಹವೆಂದು ತಿಳಿಯಬೇಡಿ. ಮನೆಯ ಗಂಡಸರಿಗೂ ಒಂದು ಮಾತು: ಹೆಂಡತಿ ನೆಂಟರ ಮನೆಗೆ ಬರಲು ಒಲ್ಲೆನೆಂದರೆ ಕೋಪಿಸಿಕೊಳ್ಳುವ ಮುನ್ನ ಕಾರಣವನ್ನು ಮೆಲ್ಲಗೆ ಕೇಳಿ.