ಬ್ರಹ್ಮಸಮುದ್ರದ ಮಾಳಿಗೆಯ ಮೇಲೆ ಒಂದು ಇರುಳು

ರಥಸಪ್ತಮಿಯ ಮರುದಿನ ನಾವು ಐವರು ಬೆಂಗಳೂರಿನಿಂದ ಬ್ರಹ್ಮಸಮುದ್ರಕ್ಕೆ ಹೊರಟೆವು. ಕೈಯಲ್ಲಿ ಬುತ್ತಿಯ ಗಂಟು, ಹೆಗಲ ಮೇಲೆ ಒಂದು ಸಣ್ಣ ದೂರದರ್ಶಕ. ರೈಲು ಗೌರಿಬಿದನೂರನ್ನು ದಾಟುವಾಗ ನಮ್ಮೊಳಗಿನ ಹಿರಿಯರು, "ಆಕಾಶಕ್ಕೆ ಕಿವಿಗೊಟ್ಟ ಊರು ಇದು" ಎಂದರು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ 1976ರಲ್ಲಿ ಅಲ್ಲಿ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದವು. ಟಿ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿದ 1,000 ಆಂಟೆನಾಗಳು, ಕಣ್ಣಿಗೆ ಕಾಣದ ಅಲೆಗಳನ್ನು ಬಾನಿನಿಂದ ಹಿಡಿದುಕೊಟ್ಟವು. ಮುಂದೆ ಹಿಂದೂಪುರ. ಅಲ್ಲಿ ಇಳಿದು, ಬಸ್ಸುಗಳನ್ನು ಬದಲಿಸುತ್ತ ಕಲ್ಯಾಣದುರ್ಗವನ್ನು ಸೇರಿ, ಮತ್ತೆ ಗಡಿಯ ಕಡೆಗೆ ತಿರುಗಿದೆವು.

ಈ ಪ್ರಯಾಣಕ್ಕೆ ಕಾರಣವಿತ್ತು. ನಗರದ ಹವ್ಯಾಸಿ ಖಗೋಳ ಸಂಘಗಳು ಸಾರ್ವಜನಿಕರಿಗೆ ತಾರೆಗಳನ್ನು ತೋರಿಸಲು ನಡೆಸುವ ಕೂಟಗಳಿಗೆ ನಾವು ಹೋಗುವುದುಂಟು. ವೀಕ್ಷಣಾಲಯಕ್ಕೆ ಜನರು ಬರಲಾರರೆಂದರಿತು, ದೂರದರ್ಶಕವನ್ನೇ ಜನರಿರುವಲ್ಲಿಗೆ ಒಯ್ದು 'ಖಗೋಳ ದಿನ'ವನ್ನು ಮೊದಲು ಆಚರಿಸಿದವರು ಕ್ಯಾಲಿಫೋರ್ನಿಯದ ಹವ್ಯಾಸಿಗಳು. ಅದು 1973ರ ಮಾತು. ಅರ್ಧಚಂದ್ರನಿರುವ ದಿನಗಳ ಆಸುಪಾಸಿನಲ್ಲಿ ಅದನ್ನು ನಡೆಸುವುದು ವಾಡಿಕೆ. ಹುಣ್ಣಿಮೆಯಲ್ಲಿ ಚಂದ್ರನ ಮೈ ಚಪ್ಪಟೆಯಾಗಿ ಕಾಣುತ್ತದೆ. ಅಷ್ಟಮಿಯಲ್ಲಿ ಬೆಳಕೂ ಕತ್ತಲೆಯೂ ಸೇರುವ ಅಂಚಿನಲ್ಲಿ ಕುಳಿಗಳ ನೆರಳು ನೀಳವಾಗಿ ಬಿದ್ದು, ಹಳ್ಳದಿಣ್ಣೆಗಳು ಎದ್ದು ತೋರುತ್ತವೆ. ಆದರೆ ಬೆಂಗಳೂರಿನ ದೀಪಗಳ ನಡುವೆ ಚಂದ್ರನೇನೋ ಸಿಕ್ಕುವನು, ತಾರೆಗಳು ಸಿಕ್ಕುವುದಿಲ್ಲ. ಆದುದರಿಂದ ನಾವು ದೂರದರ್ಶಕವನ್ನು ಹಳ್ಳಿಗೆ ಹೊತ್ತೆವು.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ನೆಚ್ಚಿ ಕಡಲೆಕಾಯಿ ಬಿತ್ತುವ ಅನಂತಪುರದ ಸೀಮೆ ಇದು. ರೈತನನ್ನು ಕಂಗೆಡಿಸುವ ನಿರ್ಮಲವಾದ ಆಕಾಶವೇ ತಾರೆಗಳನ್ನು ನೋಡುವವನಿಗೆ ಭಾಗ್ಯ. ಈ ಮಾತನ್ನು ಆಡಲು ನಮಗೆ ಸಂಕೋಚವಾಯಿತು.

ಇರುಳು ಊಟವಾದ ಮೇಲೆ ಬಂಧುಗಳ ಮನೆಯ ಮಾಳಿಗೆಯನ್ನು ಏರಿದೆವು. ನೆರೆಹೊರೆಯ ಮಕ್ಕಳೂ ಕೂಡಿದರು. ಮೊದಲು ಚಂದ್ರ, ಬಳಿಕ ಅವನಿಗೆ ಹತ್ತಿರದಲ್ಲಿಯೇ ಇದ್ದ ಕೃತ್ತಿಕೆಯ ಗುಂಪು. ಎಂಬತ್ತು ದಾಟಿದ ದೊಡ್ಡಪ್ಪ ಗೋಡೆಗೊರಗಿ ಸುಮ್ಮನೆ ಕುಳಿತಿದ್ದರು. ನೆತ್ತಿಯತ್ತ ಸಾಲಾಗಿದ್ದ ಮೂರು ಚುಕ್ಕೆಗಳನ್ನು ತೋರಿಸಿದಾಗ, "ಅದು ಕೂರಿಗೆಯಲ್ಲವೇನಪ್ಪಾ? ನನಗೆ ಗೊತ್ತು" ಎಂದರು.

"ಹೌದು ದೊಡ್ಡಪ್ಪ. ಅದರ ಮೇಲೆ ಒತ್ತಾಗಿ ಕಾಣುವ ಸಣ್ಣ ಚುಕ್ಕೆಗಳೇ ಮೃಗಶಿರ. ಪಕ್ಕದಲ್ಲಿ ಕೆಂಪಗೆ ಉರಿಯುತ್ತಿರುವುದು ಆರಿದ್ರಾ."

ದೊಡ್ಡಪ್ಪ ಎದ್ದು ನಿಂತರು. "ಆರಿದ್ರಾ ಮಳೆಯ ಆರಿದ್ರೆಯೇ?" ನಾವು ಹೌದೆಂದೆವು. ಅವರು ಬಹಳ ಹೊತ್ತು ನೋಡಿದರು. "ಅರವತ್ತು ವರ್ಷ ಇದರ ಹೆಸರು ಹೇಳಿಕೊಂಡು ಬಿತ್ತಿದೆ. ಕೈಹಿಡಿದ ವರ್ಷವೂ ಇತ್ತು, ಕೈಬಿಟ್ಟ ವರ್ಷವೂ ಇತ್ತು. ಮುಖ ನೋಡಿದ್ದು ಇವತ್ತು" ಎಂದರು. ಪಕ್ಕದ ಮನೆಯ ತೆಲುಗಿನ ತಾಯಿ, "ನಮ್ಮ ಆರುದ್ರ ಕಾರ್ತೆ" ಎಂದು ಮೊಮ್ಮಗಳಿಗೆ ತೋರಿಸಿದರು. ನಾವು ಮಳೆಯೆಂಬುದನ್ನು ಅವರು ಕಾರ್ತೆಯೆನ್ನುವರು, ನಕ್ಷತ್ರ ಒಂದೇ.

ದೊಡ್ಡಪ್ಪನವರು ಅದನ್ನು ಗುರುತಿಸದಿದ್ದುದು ಅವರ ತಪ್ಪಲ್ಲ. ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ಹಾದುಹೋಗುವಾಗ, ಒಂದೊಂದರಲ್ಲಿ 13-14 ದಿನ ಇರುವನು. ಜೂನ್ 22ರ ಸುಮಾರಿಗೆ ಅವನು ಆರಿದ್ರೆಯನ್ನು ಸೇರಿದಾಗ ಆ ಮಳೆ ಹುಟ್ಟಿತೆನ್ನುವೆವು. ಆಗ ಆ ನಕ್ಷತ್ರವು ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುವುದರಿಂದ, ಅದರ ಹೆಸರನ್ನು ಅತಿ ಹೆಚ್ಚಾಗಿ ಹೇಳುವ ದಿನಗಳಲ್ಲಿಯೇ ಅದು ಕಾಣುವುದಿಲ್ಲ. ಮಾಘದ ಸಂಜೆಗಳಲ್ಲಿ ನೆತ್ತಿಯ ಬಳಿ ಬೆಳಗುವಾಗ ಹೊಲ ಬರಿದಾಗಿರುತ್ತದೆ, ಹೆಸರು ಯಾರ ನಾಲಗೆಯ ಮೇಲೂ ಇರುವುದಿಲ್ಲ. ನಕ್ಷತ್ರವು ಮಳೆಯನ್ನು ತರುವುದಿಲ್ಲ. ಸೂರ್ಯನು ಎಲ್ಲಿರುವನೆಂದು ತಿಳಿಸುವ ಗಡಿಯಾರದ ಗುರುತು ಅದು. ಆ ಗಡಿಯಾರವನ್ನು ಓದಿ ನಮ್ಮ ಹಿರಿಯರು ಬಿತ್ತನೆಯ ಹದ ಕಂಡುಕೊಂಡರು. ನಾವು ಅಂದು ಕಂಡ ಆರಿದ್ರೆಯ ಬೆಳಕು ಅಲ್ಲಿಂದ ಹೊರಟದ್ದು ನೂರಾರು ವರ್ಷಗಳ ಹಿಂದೆ, ಈ ನೆಲವನ್ನು ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ.

ಗುಂಪಿನಲ್ಲಿದ್ದ ಶಾಲೆಯ ಹುಡುಗನೊಬ್ಬನಿಗೆ ಬೀಟಲ್‌ಜ್ಯೂಸ್ ಎಂಬ ಹೆಸರು ಗೊತ್ತಿತ್ತು, ಆರಿದ್ರಾ ಗೊತ್ತಿರಲಿಲ್ಲ. ಅಜ್ಜನಿಗೆ ಹೆಸರಿತ್ತು, ನಕ್ಷತ್ರವಿರಲಿಲ್ಲ. ಮೊಮ್ಮಗನಿಗೆ ನಕ್ಷತ್ರವಿತ್ತು, ಹೆಸರಿರಲಿಲ್ಲ. ಇಬ್ಬರೂ ಒಂದೇ ಮಾಳಿಗೆಯ ಮೇಲೆ ನಿಂತ ಗಳಿಗೆಯಲ್ಲಿ ಎರಡೂ ಕೂಡಿದವು. ಆದರೆ ಇಂಥ ಗಳಿಗೆಗಳಿಗೆ ಕಾಲ ಕಡಿಮೆಯಿದೆ. ಮಳೆಗಳ ಹೆಸರು ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬ್ರಹ್ಮಸಮುದ್ರದ ಬೀದಿಯಲ್ಲಿಯೂ ಬಿಳಿಯ ದೀಪಗಳು ಕಣ್ಣು ಕೋರೈಸುತ್ತಿದ್ದವು.

ಗಡಿಯ ಕನ್ನಡ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಮಾಘದ ಅಷ್ಟಮಿಯಂದು ನಿಮ್ಮ ಮಾಳಿಗೆಯ ದೀಪವನ್ನು ಒಂದು ತಾಸು ಆರಿಸಿರಿ. ದೂರದರ್ಶಕ ಇಲ್ಲದಿದ್ದರೆ ಚಿಂತೆಯಿಲ್ಲ, ಕೂರಿಗೆಯ ಗುರುತು ಸಾಕು. ಮನೆಯ ಹಿರಿಯರನ್ನು ಮಕ್ಕಳ ಪಕ್ಕದಲ್ಲಿ ಕುಳ್ಳಿರಿಸಿ, ಮಳೆಗಳ ಹೆಸರನ್ನು ಒಂದೊಂದಾಗಿ ಹೇಳಿಸಿರಿ. ನೆರೆಯ ತೆಲುಗಿನವರನ್ನೂ ಕರೆಯಿರಿ.

ನಾವು ಕೆಳಗಿಳಿಯುವಾಗ ಚಂದ್ರನು ಪಡುವಣಕ್ಕೆ ವಾಲಿದ್ದನು. ದೊಡ್ಡಪ್ಪ ಮಾತ್ರ, "ನೀವು ಮಲಗಿರಪ್ಪಾ, ನಾನು ಇನ್ನೊಂದಿಷ್ಟು ಹೊತ್ತು ಇರುತ್ತೇನೆ" ಎಂದು ಮೇಲೆಯೇ ಉಳಿದರು.